ಸಿಪಿಯು ತಣ್ಣಗಿದೆ, ಆದರೂ ಕ್ಲಾಕ್ ಬೀಳ್ತಿದೆ (ರೈಜನ್ 5 3600, ಬಿ450 ಬೋರ್ಡ್)

ಅಗ್ಗದಬೋರ್ಡು:
ಎಲ್ಲರಿಗೂ ನಮಸ್ಕಾರ. ನನ್ನದು ರೈಜನ್ 5 3600. ಬೋರ್ಡು ಬಿ450 ಚಿಪ್‌ಸೆಟ್‌ನದು, ಇದ್ದುದರಲ್ಲೇ ಕಡಿಮೆ ಬೆಲೆಯದು. ಸಿಪಿಯು ಜೊತೆ ಬಂದ ಕೂಲರ್ ತೆಗೆದು ಟವರ್ ಕೂಲರ್ ಹಾಕಿದೆ. ಒಳ್ಳೆ ಕೂಲರ್ ಬಂತಲ್ಲ ಅಂತ ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಲ್ಲ ಕೋರ್‌ಗೂ 4.2 ಗಿಗಾಹರ್ಟ್ಸ್, 1.35 ವೋಲ್ಟ್ ಕೊಟ್ಟೆ. ಆಟೋದಲ್ಲಿದ್ದಾಗ ಫುಲ್ ಲೋಡ್‌ನಲ್ಲಿ 4.0, 1.25 ವೋಲ್ಟ್ ಹತ್ತಿರ ಓಡುತ್ತಿತ್ತು.

ಗೇಮ್ ಆಡಿದರೆ ಏನೂ ತೊಂದರೆ ಇಲ್ಲ. ವಿಡಿಯೊ ರೆಂಡರ್‌ಗೆ ಇಟ್ಟರೆ ಮಾತ್ರ, ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ಆಮೇಲೆ ಇದ್ದಕ್ಕಿದ್ದಂತೆ ಕ್ಲಾಕ್ (ಸಿಪಿಯು ಓಡುವ ವೇಗ) 0.55 ಗಿಗಾಹರ್ಟ್ಸ್‌ಗೆ ಬೀಳುತ್ತದೆ. ಮೌಸ್ ಕೂಡ ತಡವರಿಸುತ್ತದೆ. ಕೆಲವು ಸೆಕೆಂಡ್ ಆದಮೇಲೆ ಮತ್ತೆ 4.2. ಮತ್ತೆ ಬೀಳುತ್ತದೆ. ಸಿಪಿಯು 74 ಡಿಗ್ರಿ ದಾಟಿಲ್ಲ. ಇದರ ಮಿತಿ 95 ಅಲ್ವಾ? ಮತ್ತೆ ಯಾಕೆ ಹೀಗೆ?

ಫುಲ್‌ಸ್ಪೀಡ್:
ವೋಲ್ಟೇಜ್ ಸಾಲುತ್ತಿಲ್ಲ ಗುರು. 1.4 ಕೊಡಿ, ಎಲ್‌ಎಲ್‌ಸಿ (ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ತಡೆಯುವ ಬಯೋಸ್ ಸೆಟ್ಟಿಂಗ್) ಕೊನೇ ಲೆವೆಲ್‌ಗೆ ಹಾಕಿ. ಆಟೋದಲ್ಲಿ ಬಿಟ್ಟರೇ 1.45 ತೋರಿಸುತ್ತದೆ, ಏನೂ ಆಗಲ್ಲ.

ಬೆಸುಗೆಕಡ್ಡಿ:
ದಯವಿಟ್ಟು 1.4 ಕೊಡಬೇಡಿ. ವೋಲ್ಟೇಜ್ ಸಾಲದಿದ್ದರೆ ಸಿಸ್ಟಮ್ ಹ್ಯಾಂಗ್ ಆಗುತ್ತದೆ, ನೀಲಿ ಪರದೆ ಬರುತ್ತದೆ, ಇಲ್ಲವೇ ರೀಸ್ಟಾರ್ಟ್ ಆಗುತ್ತದೆ. ಕ್ಲಾಕ್ ಬಿದ್ದು ತಾನಾಗೇ ಮೇಲೇಳುವುದು ಬೇರೆ ಕಥೆ. ಯಾರೋ ಬ್ರೇಕ್ ಹಾಕುತ್ತಿದ್ದಾರೆ, ಮತ್ತೆ ಬಿಡುತ್ತಿದ್ದಾರೆ. ಬ್ರೇಕ್ ಹಾಕುತ್ತಿರುವುದು ನಿಮ್ಮ ಬೋರ್ಡು.

ಆಟೋದಲ್ಲಿ 1.45 ಕಾಣುವುದು ನಿಜ. ಅದು ಒಂದೆರಡು ಕೋರ್ ಮಾತ್ರ ಕೆಲಸ ಮಾಡುವಾಗ, ಕರೆಂಟ್ ಕಡಿಮೆ ಇರುವಾಗ. ಆರೂ ಕೋರ್ ಪೂರ್ತಿ ದುಡಿಯುವಾಗ ಅಷ್ಟು ವೋಲ್ಟೇಜ್ ಗಂಟೆಗಟ್ಟಲೆ ಕೊಟ್ಟರೆ ಚಿಪ್ ಸವೆಯುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಈಗ ಕ್ಯಾಬಿನೆಟ್ ಪಕ್ಕದ ಬಾಗಿಲು ತೆಗೆದು ಸಿಪಿಯು ಸಾಕೆಟ್‌ನ ಎಡಗಡೆ ನೋಡಿ. ಬೂದು ಬಣ್ಣದ ಚೌಕ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ, ಅವು ಚೋಕ್. ಅವುಗಳ ಪಕ್ಕ ಕಪ್ಪಗೆ, ಚಪ್ಪಟೆಯಾಗಿ ಇರುವ ಪುಟ್ಟ ಚಿಪ್‌ಗಳು ಮಾಸ್ಫೆಟ್. ಇದೇ ವಿಆರ್‌ಎಂ. ಪವರ್ ಸಪ್ಲೈನಿಂದ ಬರುವ 12 ವೋಲ್ಟನ್ನು 1.3ರ ಆಸುಪಾಸಿಗೆ ಇಳಿಸುವುದು ಅದರ ಕೆಲಸ. ಸಿಪಿಯು 100 ವಾಟ್ ಎಳೆದರೆ 1.3 ವೋಲ್ಟ್‌ನಲ್ಲಿ ಸುಮಾರು 77 ಆಂಪಿಯರ್ ಆಯಿತು. ಅಗ್ಗದ ಬೋರ್ಡಿನಲ್ಲಿ ಕೋರ್‌ಗಳಿಗೆ ಸಾಮಾನ್ಯವಾಗಿ 4 ಫೇಸ್ (ಕರೆಂಟ್ ಹಂಚಿಕೊಂಡು ಹೊರುವ ಚೋಕ್-ಮಾಸ್ಫೆಟ್ ಗುಂಪುಗಳು), ಒಂದೊಂದರ ಪಾಲಿಗೆ 19 ಆಂಪಿಯರ್. ಮಾಸ್ಫೆಟ್ ಮೇಲೆ ಹೀಟ್‌ಸಿಂಕ್ ಇಲ್ಲದಿದ್ದರೆ ಆ ಬಿಸಿ ಹೋಗುವುದೆಲ್ಲಿಗೆ? ಮಿತಿ ಮೀರಿದ ಕೂಡಲೇ ಬೋರ್ಡು ಸಿಪಿಯುಗೆ "ನಿಲ್ಲು" ಅನ್ನುತ್ತದೆ. ನಿಮ್ಮ 0.55 ಅಲ್ಲಿಂದ ಬಂದದ್ದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಹಳೇ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತಿತ್ತು, ಅದು ಸುತ್ತಲೂ ಹರಡಿ ವಿಆರ್‌ಎಂಗೂ ತಾಗುತ್ತಿತ್ತು. ಟವರ್ ಕೂಲರ್ ಗಾಳಿಯನ್ನು ಮೇಲಿಂದಲೇ ಅಡ್ಡಲಾಗಿ ದಾಟಿಸುತ್ತದೆ. ಸಿಪಿಯು ತಣ್ಣಗಾಯಿತು, ವಿಆರ್‌ಎಂಗೆ ಇದ್ದ ಗಾಳಿಯೂ ಹೋಯಿತು.

ಪರೀಕ್ಷೆ ಸುಲಭ. ಬಾಗಿಲು ತೆಗೆದಿಟ್ಟು, ಟೇಬಲ್ ಫ್ಯಾನ್ ಆ ಜಾಗಕ್ಕೆ ತಿರುಗಿಸಿ, ಅದೇ ರೆಂಡರ್ ಓಡಿಸಿ. ಬೆರಳಿಟ್ಟು ಬಿಸಿ ನೋಡಲು ಹೋಗಬೇಡಿ, ಸುಡುತ್ತದೆ.

ಅಗ್ಗದಬೋರ್ಡು:
ಫ್ಯಾನ್ ಇಟ್ಟು ನೋಡಿದೆ. ರೆಂಡರ್ ಮುಗಿಯುವವರೆಗೂ 4.2 ಅಲುಗಾಡಲಿಲ್ಲ! ಮಾಸ್ಫೆಟ್ ಮೇಲೆ ಹೀಟ್‌ಸಿಂಕ್ ಇಲ್ಲ, ನೀವು ಹೇಳಿದ ಹಾಗೇ ಬರಿ ಕಪ್ಪು ಚಿಪ್. ಆದರೆ ಎಚ್‌ಡಬ್ಲ್ಯೂಇನ್ಫೋದಲ್ಲಿ (ಸೆನ್ಸರ್‌ಗಳ ಲೆಕ್ಕ ತೋರಿಸುವ ಸಾಫ್ಟ್‌ವೇರ್) ವಿಆರ್‌ಎಂ ಬಿಸಿ ಕಾಣಿಸುತ್ತಲೇ ಇಲ್ಲ. ಸದಾ ಟೇಬಲ್ ಫ್ಯಾನ್ ಇಟ್ಟುಕೊಳ್ಳಲು ಆಗಲ್ಲ, ಮುಂದೇನು ಮಾಡಲಿ?

ಹೊಸಬ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಎ320 ಬೋರ್ಡು. ನಾನೂ ಹೀಗೆ ಮಾಡಬಹುದಾ?

ಬೆಸುಗೆಕಡ್ಡಿ:
@ಹೊಸಬ, ಇಲ್ಲ. ಎ320ರಲ್ಲಿ ಸಿಪಿಯು ಓವರ್‌ಕ್ಲಾಕ್‌ಗೆ (ವೇಗವನ್ನು ಕೈಯಾರೆ ಏರಿಸುವುದಕ್ಕೆ) ಅವಕಾಶವೇ ಇಲ್ಲ, ಎ520ರಲ್ಲೂ ಅಷ್ಟೇ. ಬಿ450, ಬಿ550, ಎಕ್ಸ್ ಸರಣಿಯಂಥವು ಬೇಕು.

@ಅಗ್ಗದಬೋರ್ಡು, ಎಷ್ಟೋ ಅಗ್ಗದ ಬೋರ್ಡುಗಳಲ್ಲಿ ಆ ಸೆನ್ಸರ್ ಹೊರಗೆ ಕಾಣಿಸುವುದಿಲ್ಲ. ಮೊದಲು ಲೆಕ್ಕ ನೋಡಿ. 4.0ರಿಂದ 4.2 ಅಂದರೆ ವೇಗ 5% ಜಾಸ್ತಿ. ವಿದ್ಯುತ್ ಏರುವುದು ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲಿ. 1.25ರಿಂದ 1.35ಕ್ಕೆ ಹೋದರೆ, ವೇಗವನ್ನೂ ಸೇರಿಸಿ ಸುಮಾರು 22% ಜಾಸ್ತಿ ಎಳೆಯುತ್ತದೆ. ಅದೂ ಅಲ್ಲದೆ 3600 ತಾನಾಗೇ ಒಂದು ಕೋರ್‌ನಲ್ಲಿ 4.2ರವರೆಗೆ ಹೋಗುತ್ತದೆ, ಗೇಮ್‌ನಲ್ಲಿ ನಿಮಗೆ ಸಿಗುವುದು ಏನೂ ಇಲ್ಲದಷ್ಟು.

ನನ್ನ ಬೋರ್ಡಾಗಿದ್ದರೆ ಸಿಪಿಯು ಆಟೋಗೆ ಬಿಟ್ಟು ರ‍್ಯಾಮ್ ಕಡೆ ನೋಡುತ್ತಿದ್ದೆ. ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಓಡಿಸುವ ಬಯೋಸ್ ಸೆಟ್ಟಿಂಗ್) ಆನ್ ಇದೆಯಾ? 3600 ವೇಗದ ರ‍್ಯಾಮ್ ಇದ್ದರೆ ಫ್ಯಾಬ್ರಿಕ್ (ಸಿಪಿಯು ಒಳಗಿನ ಭಾಗಗಳನ್ನು ಜೋಡಿಸುವ ದಾರಿ) ವೇಗವನ್ನು 1800ಕ್ಕೆ ಸರಿಹೊಂದಿಸಿ. ಇದರಿಂದ ವಿಆರ್‌ಎಂ ಮೇಲೆ ಅಂಥಾ ಭಾರ ಬೀಳುವುದಿಲ್ಲ.

ಅಗ್ಗದಬೋರ್ಡು:
ಎಕ್ಸ್‌ಎಂಪಿ ಆಫ್ ಇತ್ತು, ರ‍್ಯಾಮ್ 2133ರಲ್ಲಿ ಓಡುತ್ತಿತ್ತು! 3200 ಕಿಟ್ ಅದು. ಈಗ ಆನ್ ಮಾಡಿದೆ. ಆದರೂ ರೆಂಡರ್‌ಗೋಸ್ಕರ 4.1 ನೋಡುವ ಆಸೆ. ಮಾಸ್ಫೆಟ್‌ಗೆ ಅಂಟಿಸುವ ಚಿಕ್ಕ ಹೀಟ್‌ಸಿಂಕ್ ಹಾಕಲಾ?

ಬೆಸುಗೆಕಡ್ಡಿ:
ಹಾಕಿ, ಆದರೆ ಅದಕ್ಕಿಂತ ಮೊದಲು ಕ್ಯಾಬಿನೆಟ್ ಹಿಂದೆ, ಮೇಲೆ ಒಂದೊಂದು ಫ್ಯಾನ್ ಇರಲಿ. 4.1ಕ್ಕೆ 1.25ರಿಂದ ಶುರು ಮಾಡಿ, ಸ್ಥಿರವಾಗಿ ಓಡದಿದ್ದರೆ ಸ್ವಲ್ಪ ಸ್ವಲ್ಪವೇ ಏರಿಸಿ. 1.3 ದಾಟಬೇಕು ಅಂದರೆ ನಿಮ್ಮ ಚಿಪ್‌ಗೆ ಅದು ಆಗದ ಮಾತು, ಬಿಟ್ಟುಬಿಡಿ. ಬೂಟ್ ಆಗದೇ ಹೋದರೆ ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಬಯೋಸ್ ಮೊದಲಿನಂತಾಗುತ್ತದೆ, ಎಕ್ಸ್‌ಎಂಪಿ ಮಾತ್ರ ಮತ್ತೆ ಆನ್ ಮಾಡಬೇಕು.

ಹೀಟ್‌ಸಿಂಕ್ ಅಂಟಿಸುವಾಗ ಮಾಸ್ಫೆಟ್ ಮೇಲಿನ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ. ಅಕ್ಕಪಕ್ಕದ ಕಾಲುಗಳಿಗೆ ಲೋಹ ತಾಗಬಾರದು. ಬೋರ್ಡು ನಿಂತಿರುತ್ತದಲ್ಲ, ಬಿಸಿಗೆ ಟೇಪ್ ಸಡಿಲವಾದರೆ ಅದು ನೇರ ಗ್ರಾಫಿಕ್ಸ್ ಕಾರ್ಡ್ ಬೆನ್ನ ಮೇಲೆ ಬೀಳುತ್ತದೆ, ಶಾರ್ಟ್ ಆಗಬಹುದು. ಹಾಗಾಗಿ ಮಾಮೂಲಿ ಡಬಲ್ ಟೇಪ್ ಬೇಡ, ಥರ್ಮಲ್ ಟೇಪೇ ತನ್ನಿ.