ಕ್ರೆಡಿಟ್ ಒಟ್ಟು ಸರಿ ಇದ್ರೂ ಡಿಗ್ರಿ ನಿಲ್ಲುತ್ತಾ?

ಪ್ರಶ್ನೆ (ಬಿಎ ಐದನೇ ಸೆಮಿಸ್ಟರ್, ಗದಗ): ಸರ್, ನಮಸ್ಕಾರ. ಎರಡನೇ ಸೆಮಿಸ್ಟರ್‌ನ ಇಂಗ್ಲಿಷ್ ಪೇಪರ್ ಬ್ಯಾಕ್ ಉಳಿದಿದೆ. ಆದರೆ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಪೋರ್ಟಲ್‌ನಲ್ಲಿ ಒಂದು ಕೋರ್ಸ್ ಪಾಸಾಗಿದ್ದೇನೆ. ಅದರ ಕ್ರೆಡಿಟ್ (ಪಾಠದ ತಾಸಿಗೆ ತಕ್ಕಂತೆ ಡಿಗ್ರಿ ಲೆಕ್ಕಕ್ಕೆ ಸಿಗುವ ಎಣಿಕೆ) ಸೇರಿಸಿದ್ರೆ ಲೆಕ್ಕ ಸರಿಹೋಗುತ್ತೆ ಅಂತ ಗೆಳತಿಯರು ಹೇಳ್ತಾರೆ. ಹೌದಾ?

ಉತ್ತರ (ಕಾಲೇಜು ಪರೀಕ್ಷಾ ವಿಭಾಗದಲ್ಲಿದ್ದವರು, ಧಾರವಾಡ): ಇಲ್ಲ ತಂಗಿ. ಖಾನಾವಳಿಯಲ್ಲಿ ರೊಟ್ಟಿ ಬಿಟ್ಟು ಎರಡು ಸಲ ಅನ್ನ ಹಾಕಿಸಿಕೊಂಡರೆ ಹೊಟ್ಟೆ ತುಂಬಬಹುದು, ರೊಟ್ಟಿ ಊಟ ಆಗಲ್ಲ. ಡಿಗ್ರಿಯೂ ಹಾಗೇ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಆದರೆ ಭಾಷೆ, ಮುಖ್ಯ ವಿಷಯ, ಕಡ್ಡಾಯ ಪೇಪರ್, ಹೀಗೆ ಒಂದೊಂದು ಗುಂಪಿನಲ್ಲೂ ಇಷ್ಟಿಷ್ಟು ಅಂತ ಇದೆ. ಇಂಗ್ಲಿಷ್ ಖಾಲಿ ಇದ್ದರೆ ಬೇರೆ ಕಡೆ ಜಾಸ್ತಿ ಇದ್ದದ್ದು ಅಲ್ಲಿಗೆ ಹರಿಯಲ್ಲ.

‘ಸ್ವಯಂ’ ಕೋರ್ಸ್ ಕೆಟ್ಟದ್ದಲ್ಲ. ಆದರೆ ಕ್ರೆಡಿಟ್ ಬೇಕಿದ್ದರೆ ಸೇರುವ ಮೊದಲೇ ಕಾಲೇಜಿನ ಒಪ್ಪಿಗೆ ತಗೋಬೇಕು. ಪಾಸಾದ ಮೇಲೆ ಸರ್ಟಿಫಿಕೇಟ್ ಹಿಡಿದು ಬಂದವರನ್ನು ನಾನು ಸುಮ್ನೆ ವಾಪಸ್ ಕಳಿಸಿದ್ದೇನೆ, ಬೇಜಾರಿನಿಂದಲೇ.

ಇನ್ನೊಂದು ಮಾತು. ನೀವು ಸೇರಿದ ವರ್ಷದ ನಿಯಮವೇ ನಿಮಗೆ ಅನ್ವಯ. 2021ರಿಂದ ಎನ್‌ಇಪಿ (ನಾಲ್ಕನೇ ವರ್ಷಕ್ಕೂ ಅವಕಾಶವಿದ್ದ ರಾಷ್ಟ್ರೀಯ ಶಿಕ್ಷಣ ನೀತಿ) ಇತ್ತು, 2024-25ರಿಂದ ಸೇರಿದವರಿಗೆ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದ್ಧತಿ ತಂದಿತು. ಸೀನಿಯರ್ ಹೇಳಿದ್ದು ಅವರ ಬ್ಯಾಚಿಗೆ ಸರಿ ಇರಬಹುದು. ಹಳೇ ಸಿಲಬಸ್‌ನ ಪರೀಕ್ಷೆಯನ್ನು ವಿಶ್ವವಿದ್ಯಾಲಯ ಬಹಳ ವರ್ಷ ನಡೆಸುತ್ತಾ ಕೂರಲ್ಲ. ಈ ಸಲವೇ ಫಾರ್ಮ್ ತುಂಬಿ.

ಪ್ರಶ್ನೆ (ಒಬ್ಬ ತಾಯಿ, ರಾಣೆಬೆನ್ನೂರು): ಸರ್ರೀ, ಮಗ ಬಿಎಸ್ಸಿ. ಪ್ರಾಕ್ಟಿಕಲ್‌ಗೆ ವಾರಕ್ಕೆ 4 ತಾಸು ಹೋಗ್ತಾನೆ, ಕ್ರೆಡಿಟ್ ಮಾತ್ರ 2. ಪಾಠಕ್ಕೆ 4 ತಾಸು ಕೂತರೆ 4. ಇದೇನು ಲೆಕ್ಕ?

ಉತ್ತರ: ಅಕ್ಕಾ, ವಾರಕ್ಕೆ ಒಂದು ತಾಸು ಪಾಠ, ಹೀಗೆ ಸೆಮಿಸ್ಟರ್ ಪೂರ್ತಿ ಸುಮಾರು 15 ವಾರ ನಡೆದರೆ 1 ಕ್ರೆಡಿಟ್. ಪ್ರಾಕ್ಟಿಕಲ್‌ಗೆ ಎರಡು ತಾಸು ಸೇರಿ 1. ಪಾಠ ಕೇಳಿದವನು ಮನೆಯಲ್ಲೂ ಓದಬೇಕು, ಪ್ರಾಕ್ಟಿಕಲ್ ಕೆಲಸ ಬಹುಪಾಲು ಲ್ಯಾಬಿನಲ್ಲೇ ಮುಗಿಯುತ್ತದೆ ಅನ್ನೋದು ಇದರ ಹಿಂದಿನ ಯೋಚನೆ. ಜರ್ನಲ್ ಬರೆಯೋಕೆ ರಾತ್ರಿ ಕೂರುವ ಮಕ್ಕಳು ಇದನ್ನು ಒಪ್ಪಲ್ಲ, ಅದು ಬೇರೆ ಮಾತು.

ಇದು ಎಸ್‌ಜಿಪಿಎಗೂ, ಅಂದ್ರೆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್‌ಗೂ, ಮುಟ್ಟುತ್ತದೆ. 4 ಕ್ರೆಡಿಟ್ ಪೇಪರ್‌ನಲ್ಲಿ ಗ್ರೇಡ್ ಪಾಯಿಂಟ್ 8, 2 ಕ್ರೆಡಿಟ್ ಪ್ರಾಕ್ಟಿಕಲ್‌ನಲ್ಲಿ 9, ಇನ್ನೊಂದು 2 ಕ್ರೆಡಿಟ್ ಪೇಪರ್‌ನಲ್ಲಿ 5 ಬಂತು ಅನ್ನಿ. 32, 18, 10 ಕೂಡಿಸಿ 60. ಅದನ್ನು 8 ಕ್ರೆಡಿಟ್‌ನಿಂದ ಭಾಗಿಸಿದರೆ 7.5. ಅಂದ್ರೆ 4 ಕ್ರೆಡಿಟ್ ಪೇಪರ್ ಜಾರಿದರೆ ಪೆಟ್ಟು ಜೋರು.

ಪ್ರಶ್ನೆ (ಬಿಕಾಂ, ಕುಂದಗೋಳದಿಂದ ಹುಬ್ಬಳ್ಳಿಗೆ ಓಡಾಡುವವನು): ಬಸ್ ತಡ ಆಗಿ ಮೊದಲ ಪೀರಿಯಡ್ ದಿನಾ ತಪ್ಪುತ್ತೆ. ಒಟ್ಟು ಹಾಜರಿ 75% ದಾಟಿದೆ. ಸಾಕಲ್ವಾ ಸರ್?

ಉತ್ತರ: ಸಾಕಾಗಲ್ಲ ತಮ್ಮಾ. ಹಾಜರಿಯನ್ನು ಸಾಮಾನ್ಯವಾಗಿ ಪೇಪರ್‌ವಾರು ನೋಡ್ತಾರೆ. 4 ಕ್ರೆಡಿಟ್ ಅಂದ್ರೆ ಸುಮಾರು 60 ತಾಸು, 15 ತಪ್ಪಿದರೆ ಅಂಚಿಗೆ ಬಂದೆ. ಮೊದಲ ಪೀರಿಯಡ್ ದಿನಾ ಒಂದೇ ವಿಷಯದ್ದಾಗಿದ್ದರೆ ಆ ಪೇಪರ್ ಹಾಲ್ ಟಿಕೆಟ್ ಹೊತ್ತಿಗೆ ಕಾಡುತ್ತದೆ. ಈಗಲೇ ಆ ಸರ್ ಹತ್ತಿರ ಮಾತಾಡು.

ಗದಗದ ವಿದ್ಯಾರ್ಥಿನಿ (ನಾಲ್ಕು ದಿನದ ನಂತರ): ಸರ್, ನೀವು ಹೇಳಿದ ಮೇಲೆ ಮಾರ್ಕ್ಸ್ ಕಾರ್ಡ್ ಎಲ್ಲ ಹರವಿಕೊಂಡು ಕೂತೆ. ಮೂರನೇ ಸೆಮಿಸ್ಟರ್ ಹಿಸ್ಟರಿಯಲ್ಲಿ ಇಂಟರ್ನಲ್ (ಕಾಲೇಜಿನವರೇ ಕೊಡುವ ಅಂಕ) ಸೊನ್ನೆ ಇದೆ! ಟೆಸ್ಟ್ ಬರೆದಿದ್ದೆ. ಥಿಯರಿ ಮಾರ್ಕ್ಸ್ ಮೇಲೆ ಪಾಸಾಗಿದ್ದಕ್ಕೆ ಗಮನಿಸಿರಲಿಲ್ಲ.

ಉತ್ತರ: ಈಗ ಸಿಕ್ಕಿದ್ದೇ ಒಳ್ಳೆಯದಾಯ್ತು. ಪ್ರಿನ್ಸಿಪಾಲರಿಗೆ ಅರ್ಜಿ ಬರೆಯಿರಿ. ಟೆಸ್ಟ್ ಬುಕ್ ಇದ್ದರೆ ಜೆರಾಕ್ಸ್ ಲಗತ್ತಿಸಿ. ವಿಭಾಗದವರ ಮಾರ್ಕ್ಸ್ ಲಿಸ್ಟ್‌ನಲ್ಲಿ ನಿಮ್ಮ ಅಂಕ ಇದ್ದರೆ ಕಾಲೇಜಿನವರೇ ತಿದ್ದುಪಡಿಗೆ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ನೀವೊಬ್ಬರೇ ಧಾರವಾಡಕ್ಕೆ ಬಂದು ವಿಶ್ವವಿದ್ಯಾಲಯ ಇರುವ ಪಾವಟೆ ನಗರದಲ್ಲಿ ಸುತ್ತಿದರೆ ಬಸ್ ಚಾರ್ಜ್ ದಂಡ. ಅರ್ಜಿ ಕೊಟ್ಟಾಗ ಇನ್‌ವರ್ಡ್ ನಂಬರ್ (ಅರ್ಜಿ ಸ್ವೀಕರಿಸಿದ ದಾಖಲೆ ಸಂಖ್ಯೆ) ಹಾಕಿಸಿಕೊಂಡು ಫೋಟೊ ತೆಗೆದಿಟ್ಟುಕೊಳ್ಳಿ.