ಅಪ್‌ಡೇಟ್: ಏಷ್ಯನ್ ಊಟಕ್ಕೆ ಸ್ಪಾರ್ಕ್ಲಿಂಗ್ ವೈನ್ ಹೊಂದಿತಾ?

ತೀರ್ಥಹಳ್ಳಿ ಮನೆಯಲ್ಲಿ ಆರು ಜನಕ್ಕೆ ಜಪಾನಿ, ಥಾಯ್ ಅಡುಗೆ ಮಾಡ್ತಿದ್ದೇನೆ, ಶುರುವಿನಿಂದ ಕೊನೆವರೆಗೆ ಸ್ಪಾರ್ಕ್ಲಿಂಗ್ ವೈನೇ (ಗುಳ್ಳೆ ಏಳೋ ವೈನ್) ಕೊಡಬಹುದಾ ಅಂತ ಕೇಳಿದ್ದೆನಲ್ಲ. ಊಟ ಆಯ್ತು. ಕೊಡಬಹುದು, ಆದರೆ ಒಂದೇ ಬಗೆಯದು ಸಾಲದು.

ಮೊದಲು ತರಕಾರಿ ತೆಂಪುರಾ (ಹಿಟ್ಟಲ್ಲಿ ಅದ್ದಿ ಕರಿದ ಜಪಾನಿ ತಿಂಡಿ), ಜೊತೆಗೆ ನಾಸಿಕ್‌ನ ಬ್ರೂಟ್, ಅಂದರೆ ಸಿಹಿ ತೀರಾ ಕಡಿಮೆ ಇರೋ ಸ್ಪಾರ್ಕ್ಲಿಂಗ್ ವೈನ್. ಹುಳಿ, ಗುಳ್ಳೆ ಎರಡೂ ಸೇರಿ ನಾಲಿಗೆಯ ಜಿಡ್ಡು ತೊಳೆದೇ ಬಿಟ್ಟವು. ತಟ್ಟೆ ಖಾಲಿ.

ಎಡವಟ್ಟಾಗಿದ್ದು ಥಾಯ್ ಗ್ರೀನ್ ಕರಿಯಲ್ಲಿ. ಮಳೆಗಾಲ ಅಲ್ವಾ, ಕಳಲೆ ಹಾಕಿದ್ದೆ, ಜೊತೆಗೆ ಸೂಜಿಮೆಣಸು ಕೈತಪ್ಪಿ ಜಾಸ್ತಿ ಬಿತ್ತು. ಅದರ ಮೇಲೆ ಅದೇ ಬ್ರೂಟ್ ಕುಡಿದ ಭಾವ, "ಬೆಂಕಿಗೆ ಸೀಮೆಎಣ್ಣೆ ಹುಯ್ದ ಹಾಗಾಯ್ತು ಮಾರಾಯ" ಅಂದರು. ನೀವು ಹೇಳಿದ್ದ ಡೆಮಿ-ಸೆಕ್ (ಸಿಹಿ ಜಾಸ್ತಿ ಇರೋ ಬಗೆ) ಬಾಟಲಿ ತೆರೆದ ಮೇಲೆ ಎಲ್ಲರೂ ತಣ್ಣಗಾದರು. ಅದರಲ್ಲಿ ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆ, ಬ್ರೂಟ್‌ನಲ್ಲಿ 12ಕ್ಕಿಂತ ಕಡಿಮೆ. (ವೈನ್ ಭಾಷೆಯಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು, ಆದರೆ ಲೇಬಲ್ ಮೇಲೆ 'ಎಕ್ಸ್‌ಟ್ರಾ ಡ್ರೈ' ಅಂತಿದ್ದರೆ ನಂಬಬೇಡಿ, ಅದು ಬ್ರೂಟ್‌ಗಿಂತ ಸಿಹಿ. ಯಾರು ಇಟ್ಟರೋ ಆ ಹೆಸರು!)

ಕೊನೆಗೆ ತೆಂಗಿನಹಾಲಿನ ಅಂಟು ಅನ್ನ, ಮಾವಿನ ಬದಲು ಹಲಸಿನ ತೊಳೆ. ಇಲ್ಲಿ ಡೆಮಿ-ಸೆಕ್ ಕೂಡ ಸೋತಿತು, ಬರೀ ಹುಳಿ ಅನ್ನಿಸಿತು. ತಿನ್ನೋದಕ್ಕಿಂತ ವೈನೇ ಸಿಹಿ ಇರಬೇಕಂತೆ, ಮುಂದಿನ ಸಲ ಮೊಸ್ಕಾಟೊ ದಾಸ್ತಿ ಅನ್ನೋ ಇಟಲಿಯ ಸಿಹಿ ವೈನ್ ಹುಡುಕ್ತೇನೆ.

ಅಂದಹಾಗೆ ಸಂಜೆಯಿಂದ ಕರೆಂಟ್ ಇರಲಿಲ್ಲ. ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿಟ್ಟೆ, ಅರ್ಧ ಗಂಟೆಯೊಳಗೆ ಕೊರೆಯೋಷ್ಟು ತಣ್ಣಗಾಗಿತ್ತು.