ಥಾರ್ ರೈಡ್: ಡಾಕ್ಟ್ರನ್ನ ಕೇಳಿ (ಜೋಧಪುರದಿಂದ ತನೋಟ್)

ಅಡ್ಮಿನ್: ಎಲ್ರಿಗೂ ನಮಸ್ಕಾರ. ಜನವರಿ ಎರಡನೇ ವಾರ ನಮ್ಮ ಶಿವಮೊಗ್ಗ ಗುಂಪಿಂದ 8 ಜನ ರಾಜಸ್ಥಾನದ ಥಾರ್ ಮರುಭೂಮಿಗೆ ಸೈಕಲ್ ರೈಡ್ ಹೊರಟಿದೀವಿ. ಜೋಧಪುರದಿಂದ ಪೋಖ್ರಾನ್, ಜೈಸಲ್ಮೇರ್, ರಾಮ್‌ಗಢ ಮೇಲೆ ತನೋಟ್, ಮೂರು ದಿನ, ಸುಮಾರು 400 ಕಿಮೀ. ಮೊದಲ ದಿನವೇ 170. ಮೇಡಂ ಓಪಿಡಿ ಮುಗಿಸಿ ಉತ್ತರ ಕೊಡ್ತಾರೆ, ಆರೋಗ್ಯದ ಪ್ರಶ್ನೆ ಮಾತ್ರ ಹಾಕಿ.

ಸಾಗರದ ಮಾಷ್ಟ್ರು: ಮೇಡಂ ನಮಸ್ತೆ, ನಮಗೆ ರಜ ಸಿಗೋದು ಏಪ್ರಿಲಲ್ಲಿ, ಆಗ ಹೋಗೋಕಾಗಲ್ವಾ?

ಡಾಕ್ಟ್ರು: ಬೇಡ ಸರ್. ಪೋಖ್ರಾನಿಂದ ದೂರ ಇಲ್ಲದ ಫಲೋದಿಯಲ್ಲಿ 2016ರ ಮೇ 19ಕ್ಕೆ 51 ಡಿಗ್ರಿ ದಾಖಲಾಗಿತ್ತು. ಏಪ್ರಿಲಲ್ಲಿ ಅಷ್ಟಿರಲ್ಲ, ಆದ್ರೆ ನೆರಳಿಲ್ಲದ ರೋಡಲ್ಲಿ ದಿನಕ್ಕೆ ನೂರು ಕಿಮೀ ಮೇಲೆ ತುಳಿಯೋ ಬಿಸಿಲೂ ಅಲ್ಲ.

ತೀರ್ಥಹಳ್ಳಿ ಹುಡುಗ: ದಿನಕ್ಕೆ ಎಷ್ಟು ಲೀಟರ್ ನೀರು ಕುಡೀಬೇಕು ಮೇಡಂ

ಡಾಕ್ಟ್ರು: ಎಲ್ರಿಗೂ ಒಂದೇ ಲೆಕ್ಕ ಇಲ್ಲ. ಮನೇಲೇ ನೋಡ್ಕೊಳ್ಳಿ. ರೈಡಿಗೆ ಮೊದ್ಲು ತೂಕ, ಒಂದು ಗಂಟೆ ತುಳಿದು ಬೆವರು ಒರೆಸ್ಕೊಂಡು ಮತ್ತೆ ತೂಕ. ಇಳಿದ ತೂಕಕ್ಕೆ ಕುಡಿದ ನೀರು ಕೂಡಿಸಿ, ಅದೇ ನಿಮ್ಮ ಗಂಟೆಯ ಬೆವರು. ಇನ್ನೊಂದು ಮಾತು, ನಾವು ಮಲೆನಾಡಿನವರು ಇಲ್ಲಿ ಮೋಸ ಹೋಗ್ತೀವಿ. ಆಗುಂಬೆ ಘಾಟಿ ಹತ್ತಿದ್ರೆ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತೆ, ಯಾಕಂದ್ರೆ ಇಲ್ಲಿನ ಗಾಳೀಲಿ ತೇವ ಜಾಸ್ತಿ, ಬೆವರು ಆರಲ್ಲ. ಅಲ್ಲಿ ಒಣ ಗಾಳಿ, ಬಂದ ಬೆವರು ಅಲ್ಲೇ ಆರಿಹೋಗುತ್ತೆ, ಮೈ ಒಣಗೇ ಇರುತ್ತೆ, ಬೆವರೇ ಬಂದಿಲ್ಲ ಅನ್ಸುತ್ತೆ. ಸಂಜೆ ಜೆರ್ಸಿ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ಗೊತ್ತಾಗೋದು. ಬೆಳಿಗ್ಗೆ ಚಳಿ ಬೇರೆ, ಬಾಟಲಿಗೆ ಕೈ ಹೋಗಲ್ಲ.

ಹೊಸನಗರ ಪೆಡಲ್: ಫಾರ್ವರ್ಡ್ ಬಂದಿತ್ತು ಹಾಕ್ತಿದೀನಿ. ಬಿಸಿಲಲ್ಲಿ ಹೋಗೋವಾಗ ಜೇಬಲ್ಲಿ ಈರುಳ್ಳಿ ಇಟ್ಕೊಂಡ್ರೆ ಸೂರ್ಯಾಘಾತ ಆಗಲ್ಲ. ಬಿಸಿಲಿಂದ ಬಂದ ತಕ್ಷಣ ತಣ್ಣೀರು ಕುಡಿಯೋದು, ಮೈಗೆ ಹಾಕೋದು ಮಾಡಿದ್ರೆ ರಕ್ತನಾಳ ಒಡೆಯುತ್ತೆ. ಎಲ್ರಿಗೂ ಕಳಿಸಿ.

ಡಾಕ್ಟ್ರು: ದಯವಿಟ್ಟು ಯಾರಿಗೂ ಕಳಿಸ್ಬೇಡಿ. ಈರುಳ್ಳಿ ಜೇಬಲ್ಲಿದ್ರೆ ನಷ್ಟ ಇಲ್ಲ, ಆದ್ರೆ ಆ ಎರಡನೇ ಮಾತು ನಂಬಿದ್ರೆ ಜೀವ ಹೋಗುತ್ತೆ. ಮೈ ಕಾದು ಮಾತು ತೊದಲಿ, ದಿಕ್ಕು ತಪ್ಪಿದವರ ಹಾಗೆ ಆಡ್ತಿದ್ರೆ ಅಲ್ಲೇ ನೆರಳಿಗೆ ಎಳೆದು, ಬಟ್ಟೆ ಸಡಿಲ ಮಾಡಿ, ಸಿಕ್ಕಿದಷ್ಟು ತಣ್ಣೀರು ಮೈಮೇಲೆ ಸುರೀತಾ ಗಾಳಿ ಹಾಕಿ. ಮೊದ್ಲು ತಣ್ಣಗೆ ಮಾಡೋದು, ಆಮೇಲೆ ಆಂಬುಲೆನ್ಸ್ ಹತ್ತಿಸೋದು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕ್ಬೇಡಿ. ಪ್ಯಾರಾಸಿಟಮಾಲ್ ಈ ಬಿಸಿ ಇಳಿಸಲ್ಲ.

ಭದ್ರಾವತಿ ಅಣ್ಣ: ಮೇಡಂ ನನಗೆ 52. ಬಿಪಿ ಮಾತ್ರೆ ತಗೋತೀನಿ, ಹೆಸರಿನ ಕೊನೇಲಿ ಎಚ್ ಇದೆ. ಹೋದ ಭಾನುವಾರ ಪ್ರಾಕ್ಟೀಸಿಗೆ ಶಿವಮೊಗ್ಗದಿಂದ ಜೋಗಕ್ಕೆ ಹೋಗಿ ಬಂದ್ವಿ, 200 ಕಿಮೀ. ನೀರು ಕಡಿಮೆ ಆಗ್ಬಾರ್ದು ಅಂತ ಬರೀ ನೀರೇ ಹತ್ತು ಲೀಟರ್ ಕುಡ್ದಿದೀನಿ, ಮಂಡಿ ನೋವಿಗೆ ಎರಡು ಪೇನ್‌ಕಿಲ್ಲರ್. ಮನೆಗೆ ಬಂದಾಗ ತಲೆ ಸಿಡೀತಿತ್ತು, ಎರಡು ಸಲ ವಾಂತಿ, ಬೆರಳು ಊದಿ ಉಂಗುರ ಬಿಗಿಯಾಗಿತ್ತು. ಏನೇನೋ ಮಾತಾಡಿದೆ ಅಂತ ನಮ್ಮನೆಯವ್ರು ಹೇಳ್ತಾರೆ. ತೂಕ ಬೆಳಿಗ್ಗೆಗಿಂತ ಒಂದೂವರೆ ಕೆಜಿ ಜಾಸ್ತಿ. ಡೀಹೈಡ್ರೇಶನ್ ಅಲ್ವಾ?

ಡಾಕ್ಟ್ರು: ಅಣ್ಣ, ಇದನ್ನ ಎರಡು ಸಲ ಓದಿದೆ. ಇದು ಡೀಹೈಡ್ರೇಶನ್ ಅಲ್ಲ, ಅದರ ಉಲ್ಟಾ ಇರೋ ಸಾಧ್ಯತೆನೇ ಹೆಚ್ಚು. ಇಡೀ ದಿನ ತುಳಿದವರ ತೂಕ ಇಳೀಬೇಕು, ನಿಮ್ದು ಏರಿದೆ. ಮೂತ್ರಪಿಂಡ ಹೊರಗೆ ಹಾಕೋದಕ್ಕಿಂತ ಜಾಸ್ತಿ ನೀರು ಒಳಗೆ ಹೋಗಿ ರಕ್ತದ ಸೋಡಿಯಂ ತೆಳುವಾಗುತ್ತೆ, 135ಕ್ಕಿಂತ ಕೆಳಗೆ ಬಂದ್ರೆ ಹೈಪೋನೆಟ್ರೀಮಿಯ ಅಂತೀವಿ. ಇನ್ನೂ ಇಳಿದ್ರೆ ಮೆದುಳು ಊದಿ ಫಿಟ್ಸ್ ಬರುತ್ತೆ, ಸಾವೂ ಆಗಿದೆ. ನಿಮ್ಮ ಮಾತ್ರೆಯ ಎಚ್ ಅಂದ್ರೆ ಬಹುಶಃ ಹೈಡ್ರೋಕ್ಲೋರೋಥಯಜೈಡ್, ಮೂತ್ರ ಜಾಸ್ತಿ ಮಾಡೋ ಔಷಧಿ, ಅದೂ ಸೋಡಿಯಂ ಇಳಿಸುತ್ತೆ. ಪೇನ್‌ಕಿಲ್ಲರ್ ನೀರನ್ನ ಒಳಗೇ ಹಿಡಿದಿಡುತ್ತೆ, ಮೂತ್ರಪಿಂಡಕ್ಕೂ ಹೊರೆ. ಮೂರೂ ಒಟ್ಟಿಗೆ ಸೇರಿದೆ ನಿಮಗೆ. ಅವತ್ತು ಮಲಗಿ ಎದ್ದು ಸರಿಹೋಗಿದ್ದು ಪುಣ್ಯ. ನಾಳೆ ಬೆಳಿಗ್ಗೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯೇಟಿನಿನ್ ಮಾಡಿಸಿ. ಈಗ ನಾರ್ಮಲ್ ಬಂದ್ರೆ ಅವತ್ತು ಏನೂ ಆಗಿರ್ಲಿಲ್ಲ ಅಂತ ಅರ್ಥ ಅಲ್ಲ, ಮಾತ್ರೆಯಿಂದಲೇ ಕಡಿಮೆ ಇದ್ಯಾ ನೋಡೋಕೆ. ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಕೊಟ್ಟ ಡಾಕ್ಟ್ರ ಹತ್ರ ಈ ಕಥೆ ಪೂರ್ತಿ ಹೇಳಿ. ಅಲ್ಲೀತನಕ ಉದ್ದ ರೈಡ್ ಬೇಡ. ಮತ್ತೆ ಹೀಗಾದ್ರೆ ಮನೇಲಿ ಮಲಗೋ ಹಾಗಿಲ್ಲ, ಸೀದಾ ಆಸ್ಪತ್ರೆ.

ತೀರ್ಥಹಳ್ಳಿ ಹುಡುಗ: ಹಂಗಾದ್ರೆ ಓಆರ್‌ಎಸ್ ಹಾಕಿ ಎಷ್ಟ್ ಬೇಕಾದ್ರೂ ಕುಡೀಬಹುದಾ

ಡಾಕ್ಟ್ರು: ಇಲ್ಲ. ರಕ್ತಕ್ಕಿಂತ ಓಆರ್‌ಎಸ್ ತೆಳು, ಮಿತಿಮೀರಿದ್ರೆ ಅದೂ ತೊಂದರೆನೇ. ಬಾಯಾರಿದಾಗ ಕುಡೀರಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಎಂಎಲ್‌ಗೆ, ಅರ್ಧರ್ಧ ಮಾಡ್ಬೇಡಿ.

ವಿನೋಬನಗರ ರೈಡರ್: ಟ್ಯೂಬ್‌ಲೆಸ್ ಹಾಕಿಸ್ಲಾ? ಅಲ್ಲಿ ಜಾಲಿ ಮುಳ್ಳು ಜಾಸ್ತಿಯಂತೆ.

ಹೊಸನಗರ ಪೆಡಲ್: ಟ್ಯೂಬ್ ಸಾಕು ಮಾರಾಯ, ನಾಲ್ಕು ಎಕ್ಸ್ಟ್ರಾ ಇಟ್ಕೊ.

ವಿನೋಬನಗರ ರೈಡರ್: ರಾಮ್‌ಗಢ ದಾಟಿದ್ಮೇಲೆ ನಾಲ್ಕೂ ಪಂಕ್ಚರ್ ಆದ್ರೆ? ಸೀಲಂಟ್ ಇದ್ರೆ ಸಣ್ಣ ಮುಳ್ಳಿನ ತೂತು ತಾನೇ ಮುಚ್ಚುತ್ತೆ.

ಹೊಸನಗರ ಪೆಡಲ್: ಟೈರ್ ಹರಿದ್ರೆ ನಿನ್ನ ಸೀಲಂಟ್ ಎಂತ ಮಾಡುತ್ತೆ? ಕೊನೆಗೆ ಟ್ಯೂಬೇ ಹಾಕ್ಬೇಕು.

ವಿನೋಬನಗರ ರೈಡರ್: ಈರುಳ್ಳಿ ಫಾರ್ವರ್ಡ್ ಮಾಡೋರಿಂದ ಟೈರ್ ಪಾಠ ಬೇಡ.

ಹೊಸನಗರ ಪೆಡಲ್: ನಮ್ಮಜ್ಜಿ ಮಾಡ್ತಿದ್ದಿದ್ದು ಅದು, ಹಗುರವಾಗಿ ಮಾತಾಡ್ಬೇಡ.

ಅಡ್ಮಿನ್: ಇಬ್ರೂ ನಿಲ್ಸಿ ಮಾರಾಯ್ರೆ.

ಶಿಕಾರಿಪುರ ಅಕ್ಕ: ಮೇಡಂ, ಸೀಟು ಉಜ್ಜಿ ಎರಡನೇ ದಿನಕ್ಕೆ ತೊಡೆ ಸಂದಿ ಗಾಯ ಆಗುತ್ತೆ ನನಗೆ. ದಾರೀಲಿ ಶೌಚಾಲಯ ಸಿಗಲ್ಲ ಅಂತ ನೀರು ಕಡಿಮೆ ಕುಡಿಯೋ ಅಭ್ಯಾಸ ಬೇರೆ. ಏನ್ ಮಾಡ್ಲಿ?

ಸಾಗರದ ಮಾಷ್ಟ್ರು: ಸೈಕಲ್ ರೈಲಲ್ಲಿ ಹಾಕೋದು ಹೇಗೆ? ಹುಬ್ಬಳ್ಳಿ ಮೇಲೆ ಹೋಗೋ ಜೋಧಪುರ ರೈಲಲ್ಲಿ ಪಾರ್ಸೆಲ್ ತಗೋತಾರಾ?

ಕುಂಸಿ ಗೆಳೆಯ: ದಿನಕ್ಕೆ ಎಷ್ಟು ಲೀಟರ್ ನೀರು ಬೇಕಾಗುತ್ತೆ ಮೇಡಂ?

ಡಾಕ್ಟ್ರು: ಮೇಲೆ ಓದಿ.

ಹೊಸನಗರ ಪೆಡಲ್: ಇನ್ನೊಂದು ಬಂದಿದೆ. ಗಂಟೆಗೊಂದ್ಸಲ ಒಂದು ಚಮಚ ಉಪ್ಪು ಬಾಯಿಗೆ ಹಾಕ್ಕೊಂಡು ಒಂದು ಲೀಟರ್ ನೀರು ಕುಡಿದ್ರೆ ಸುಸ್ತೇ ಆಗಲ್ಲ...

ಡಾಕ್ಟ್ರು: ಒಂದು ಚಮಚ ಅಂದ್ರೆ ಸುಮಾರು 5 ಗ್ರಾಂ, ವಯಸ್ಕರಿಗೆ ಇಡೀ ದಿನಕ್ಕೆ ಡಬ್ಲ್ಯೂಎಚ್‌ಒ ಹೇಳೋ ಮಿತಿನೇ ಅಷ್ಟು. ಈ ಗುಂಪಲ್ಲಿ ಬಿಪಿ ಇರೋರಿದಾರೆ. ಸಾವಿನ ಹತ್ರ ಹೋಗಿ ಬಂದವರ ಪ್ರಶ್ನೆ ಮೇಲೇ ಇದೆ, ಅದರ ಕೆಳಗೇ ಇದನ್ನ ಹಾಕ್ತೀರಲ್ಲ. ಡಿಲೀಟ್ ಮಾಡಿ. ಉಪ್ಪು ಬೇಕಂದ್ರೆ ಊಟದ ಜೊತೆ ಮಜ್ಜಿಗೆ, ಉಪ್ಪಿನಕಾಯಿ ಸಾಕು.

ಹೊಸನಗರ ಪೆಡಲ್: ಒಳ್ಳೇದಕ್ಕೆ ಹಾಕಿದ್ದು. ಇನ್ಮೇಲೆ ಏನೂ ಹಾಕಲ್ಲ ಬಿಡಿ.

ಕುಂಸಿ ಗೆಳೆಯ: ಓದ್ದೆ ಮೇಡಂ, ಆದ್ರೂ ಅಂದಾಜು ಮೂರಾ, ನಾಲ್ಕಾ?

ಭದ್ರಾವತಿ ಅಣ್ಣ: ಮೇಡಂ, ಟಿಕೆಟ್ ಬುಕ್ ಆಗಿದೆ. ರಿಪೋರ್ಟ್ ಸರಿ ಬಂದ್ರೆ ಹೋಗ್ಲಾ?

ಡಾಕ್ಟ್ರು: ರಿಪೋರ್ಟ್ ನೋಡದೆ ಹೂಂ ಅನ್ನಲ್ಲ ಅಣ್ಣ. ಬಂದ ತಕ್ಷಣ ನನಗೆ ಬೇರೆಯಾಗಿ ಕಳಿಸಿ, ಗುಂಪಿಗೆ ಹಾಕ್ಬೇಡಿ. ಬರೋವಾಗ ಆ ಮಾತ್ರೆ ಪಟ್ಟಿ, ಅವತ್ತು ನುಂಗಿದ ಪೇನ್‌ಕಿಲ್ಲರ್ ಪಟ್ಟಿ ಎರಡೂ ತನ್ನಿ, ಮನೆಯವ್ರನ್ನೂ ಕರ್ಕೊಂಡು ಬನ್ನಿ. ಅವತ್ತು ನೀವು ಏನ್ ಮಾತಾಡಿದ್ರಿ ಅಂತ ಅವರ ಬಾಯಿಂದಲೇ ಕೇಳ್ಬೇಕು.